ತುಂಗವ್ವನ ಕೈಯ ಏಳನೆಯ ಅಕ್ಷರ

ಮುರಿದ ಎಲುಬು ತನ್ನ ವರದಿಯನ್ನು ತಾನೇ ಒಪ್ಪಿಸುವಂತಾದರೆ ಹೇಗೆ ಎಂದು ಯಾರೋ ಒಬ್ಬ ಪುಣ್ಯಾತ್ಮ ಯೋಚಿಸಿದ, ಅದರಿಂದ ಕಿವಿಕಟ್ಟು ಹುಟ್ಟಿತು. ನೋಡಲಿಕ್ಕೆ ಹಳೆಯ ಕಾಲದ ಪ್ಲಾಸ್ಟರಿನಂಥದೇ, ತೂಕ ಮಾತ್ರ ಅದರ ಕಾಲು ಭಾಗ. ಒಳಗೆ ಕೂದಲೆಳೆಯಂಥ ತಂತಿಗಳ ಜಾಲ. ದಿನಕ್ಕೊಂದು ಸಲ ಆ ತಂತಿಗಳು ಎಲುಬಿನೊಳಕ್ಕೆ ಒಂದು ಸಣ್ಣ ಕಂಪನ ಬಿಟ್ಟು, ಮುರಿದ ಜಾಗದ ಆಚೆಗೆ ಅದು ಹೇಗೆ ಬಂದು ಮುಟ್ಟಿತೆಂದು ಕಿವಿಗೊಟ್ಟು ಕೇಳುತ್ತವೆ. ಕೂಡಿದ ಎಲುಬಾದರೆ ಕಂಪನ ಸಲೀಸಾಗಿ ದಾಟಿಹೋಗುತ್ತದೆ. ಕೂಡದಿದ್ದರೆ ತುದಿಗೆ ತುದಿ ತಾಕಿ ಗಡಗಡ ಅನ್ನುತ್ತದೆ. ಕೇಳಿದ್ದನ್ನೆಲ್ಲ ಕಟ್ಟು ಏಳು ಅಕ್ಷರದ ಒಂದು ಕೋಡ್ ಮಾಡಿ ವಿಜಯಪುರದ ಅಸ್ಥಿ ದಾಖಲೆ ಕೇಂದ್ರಕ್ಕೆ ಕಳಿಸುತ್ತದೆ.

ಏಳರಲ್ಲಿ ಮೊದಲ ಆರು ಅಂಥ ತಲೆನೋವಿನವಲ್ಲ. ಮುಂಗೈಯೋ ಮೇಲ್ಗೈಯೋ, ಹೆಬ್ಬೆರಳ ಬದಿಯ ಎಲುಬೋ ಕಿರುಬೆರಳ ಬದಿಯದೋ, ಎಡವೋ ಬಲವೋ, ತುದಿಯೋ ನಡುವೋ, ಎಲುಬು ಸರಿದಿದೆಯೋ ಇಲ್ಲವೋ, ಚರ್ಮ ಹರಿದಿದೆಯೋ ಇಲ್ಲವೋ, ಇಷ್ಟೇ. ಅವು ಮುರಿದ ದಿನ ಕೂತರೆ ಕೂತವು. ಏಳನೆಯ ಅಕ್ಷರ ಮಾತ್ರ ದಿನದಿನಕ್ಕೆ ಬದಲಾಗುವಂಥದು. 'ಎ' ಅಂದರೆ ಚಿಕಿತ್ಸೆ ನಡೆದಿದೆ. 'ಡಿ' ಅಂದರೆ ಚೆನ್ನಾಗಿ ಕೂಡುತ್ತಿದೆ. 'ಜಿ' ಅಂದರೆ ನಿಧಾನ. 'ಪಿ' ಅಂದರೆ ಸೊಟ್ಟಗೆ ಕೂಡಿದೆ. 'ಕೆ' ಅಂದರೆ ಕೂಡಲೇ ಇಲ್ಲ. ಹಿಂದೆಲ್ಲ ಇವು ಕಡತದಲ್ಲಿ ಬಿದ್ದಿರುವ ಅಕ್ಷರಗಳಾಗಿದ್ದವು. ಈಗ ಹಾಗಲ್ಲ. 'ಡಿ' ಬಂದರೆ ಕಟ್ಟು ತಾನೇ ಸಡಿಲಾಗುತ್ತದೆ. 'ಕೆ' ಬಂದರೆ ಬಿಗಿಯಾಗಿ ಬೀಗ ಹಾಕಿಕೊಂಡು, ಆಪರೇಷನ್ ಥಿಯೇಟರಿನಲ್ಲಿ ಒಂದು ಮೇಜನ್ನೂ ಕಾದಿರಿಸಿಬಿಡುತ್ತದೆ. ಅಕ್ಷರವೇ ಡಾಕ್ಟರ್ ಅನ್ನಿ.

ಆದರೂ ಯಂತ್ರ ಹೇಳಿದ್ದಕ್ಕೆ ಒಬ್ಬ ಮನುಷ್ಯ ಹೌದು ಅನ್ನಬೇಕೆಂದು ಕಾಯ್ದೆ ಇತ್ತು. ಆ ಹೌದು ಅನ್ನುವ ಕೆಲಸ ಸುಮಂಗಲಾ ಹೂಗಾರಳದು. ದಿನಕ್ಕೆ ನಾನೂರು ಹೌದು. ಹತ್ತು ವರ್ಷದ ಅನುಭವದ ಕೋಡರ್ ಅವಳು. ಮೆಟ್ಟಿಲಿಂದ ಜಾರಿದರೆ ಯಾವ ಕೋಡ್, ಎಮ್ಮೆ ಹಾಯ್ದರೆ ಯಾವುದು, ಬಾತುಕೋಳಿ ಕಚ್ಚಿದರೆ ಯಾವುದು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದಳು. ವಿಜಯಪುರದಲ್ಲಿ ಬಾತುಕೋಳಿ ಯಾರನ್ನು ಕಚ್ಚಿತ್ತೋ ದೇವರೇ ಬಲ್ಲ, ಕೋಡ್ ಅಂತೂ ಇತ್ತು. ರೋಗಿಗಳ ಹೆಸರು ಅವಳಿಗೆ ಕಾಣುತ್ತಿರಲಿಲ್ಲ, ನಂಬರು ಮಾತ್ರ. ಕಾಗದದಲ್ಲಿ ಇಲ್ಲದ್ದನ್ನು ಊಹಿಸಕೂಡದು ಎನ್ನುವುದು ಕೋಡರ್‌ಗಳಿಗೆ ಮೊದಲ ದಿನವೇ ಹೇಳಿಕೊಡುವ ನಿಯಮ. ಸುಮಂಗಲಾ ಅದನ್ನು ಚಾಚೂತಪ್ಪದೆ ಪಾಲಿಸಿದವಳು.

ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಂಬರಿನೊಂದಿಗೆ ಮನುಷ್ಯಜೀವವೇ ಬಂತು. ದಾಖಲೆ ಕೇಂದ್ರಕ್ಕೆ ರೋಗಿಗಳು ಬರುವ ಪದ್ಧತಿಯೇ ಇಲ್ಲ. ಕಾವಲುಗಾರ ತಡೆದಿದ್ದಾನೆ, ಇವಳು ಕೇಳಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಇಳಕಲ್ ಸೀರೆ, ಬಲಗೈಗೆ ಮೊಳಕೈಯ ಕೆಳಗಿನಿಂದ ಬೆರಳ ಗೆಣ್ಣಿನವರೆಗೆ ಕಿವಿಕಟ್ಟು. ಎಡಗೈಯಲ್ಲಿ ಫೋನು ಹಿಡಿದು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ಬರದಾವ್ರು ಯಾರ್ರಿ?"

ಫೋನಿನಲ್ಲಿ ತುಂಗವ್ವ ಗಾಣಿಗೇರ ಎಂಬ ಹೆಸರಿಗೆ ಬಂದ ಸೂಚನೆ ಹೀಗಿತ್ತು: ನಿಮ್ಮ ಎಲುಬು ಕೂಡಿಲ್ಲ. ನೀವು ಕೈ ಅಲುಗಾಡಿಸಬಾರದೆಂಬ ಸೂಚನೆಯನ್ನು ಪಾಲಿಸಿಲ್ಲ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆಗೆ ಹಾಜರಾಗಬೇಕು.

ಸುಮಂಗಲಾ ನಂಬರು ಹಾಕಿ ನೋಡಿದಳು. ಹಿಟ್ಟಿನ ಗಿರಣಿಯ ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು, ಹೆಬ್ಬೆರಳ ಬದಿಯ ಎಲುಬು, ಬಲಗೈ, ನಾಲ್ಕು ವಾರ. ಏಳನೆಯ ಅಕ್ಷರ 'ಕೆ'. ಅದರ ಕೆಳಗೆ ಆ ಬೆಳಿಗ್ಗೆ ಹೌದು ಎಂದವರ ಹೆಸರು: ಸುಮಂಗಲಾ ಹೂಗಾರ. ತಾನೇ! ಯಾವಾಗ ಒತ್ತಿದೆನೆಂಬುದೂ ಅವಳಿಗೆ ನೆನಪಿರಲಿಲ್ಲ.

"ನಾ ಈ ಕೈ ಆಡ್ಸೇ ಇಲ್ರೀ. ನಮ್ಮವ್ವನ ಆಣಿ ಮಾಡಿ ಹೇಳ್ತೀನಿ," ಎಂದಳು ತುಂಗವ್ವ. "ಹಿಟ್ಟಿನ ಡಬ್ಬಿ ಬಿಟ್ಟಿದ್ರ ಕೈ ಉಳೀತಿತ್ತು. ಬಿಡ್ಲಿಲ್ಲ, ಬಿದ್ದೆ. ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರ ಡಾಕ್ಟ್ರು ಆಡಿಸಬ್ಯಾಡ ಅಂದ ಮ್ಯಾಲ ಒಂದಿನಾನೂ ಆಡಿಸಿಲ್ಲ. ನೋವು ಹೋಗಿ ಎಂಟು ದಿನ ಆತು. ಈಗ ಕೈ ಕೊಯ್ದು ಕಬ್ಬಿಣದ ಪಟ್ಟಿ ಕುಂದ್ರಸ್ತೀವಿ ಅಂದ್ರ? ಪಟ್ಟಿ ಕುಂತ ಕೈಲೆ ರೊಟ್ಟಿ ಬಡಿಯಾಕ ಆಗ್ತದೇನ್ರಿ?"

"ರೊಟ್ಟಿ ಬಡೀತೀರೇನು?"

"ರೊಟ್ಟಿ ಕೇಂದ್ರದಾಗ ಇದ್ದೀನ್ರಿ. ಇಪ್ಪತ್ತು ವರ್ಷ ಆತು."

"ಈಗ ನಾಲ್ಕು ವಾರದಾಗ?"

"ಈ ಕೈಲೇ? ಇಲ್ರೀ!" ಎಂದು ತುಂಗವ್ವ ಗೋಡೆಯ ಕಡೆ ನೋಡಿದಳು. ಅಲ್ಲಿಯವರೆಗೆ ಕಣ್ಣಲ್ಲಿ ಕಣ್ಣಿಟ್ಟು ಜಗಳಾಡುತ್ತಿದ್ದವಳು ಆ ಒಂದು ಮಾತಿಗೆ ಮಾತ್ರ ಮುಖ ತಿರುಗಿಸಿದ್ದು ಸುಮಂಗಲಾಗೆ ಕಂಡಿತು.

ಅವಳನ್ನು ಹೇಗೋ ಸಮಾಧಾನ ಮಾಡಿ ಕಳಿಸಿದ ಮೇಲೆ ಸುಮಂಗಲಾ ಹತ್ತು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಕೋಡ್ ಬಿಟ್ಟು, ಕೋಡಿನ ಹಿಂದಿದ್ದ ಸದ್ದನ್ನೇ ತೆರೆದಳು. ಕಟ್ಟು ದಿನವೂ ಕೇಳುವುದು ಬೆಳಗಿನ ಐದಕ್ಕೆ. ಆ ಹೊತ್ತಿಗೆ ಜನ ಮಿಸುಕಾಡದೆ ಮಲಗಿರುತ್ತಾರೆಂದು ಅದನ್ನು ಮಾಡಿದವರ ಲೆಕ್ಕ. ಇಪ್ಪತ್ತೆಂಟು ಬೆಳಗಿನ ಸದ್ದು ಸಾಲಾಗಿ ಇತ್ತು. ಇಯರ್‌ಫೋನು ಸಿಕ್ಕಿಸಿಕೊಂಡು ಕೇಳಿದಳು. ಧಬ್ ಧಬ್ ಧಬ್ ಧಬ್. ಒಂದು ಕ್ಷಣ ನಿಂತಿತು. ಮತ್ತೆ ಧಬ್ ಧಬ್ ಧಬ್. ಮತ್ತೆ ನಿಂತಿತು.

ಎಲುಬಿನ ತುದಿಗಳು ಗಡಗಡ ಅನ್ನುವುದನ್ನು ಅವಳು ತರಬೇತಿಯಲ್ಲಿ ಕೇಳಿದ್ದಳು. ಅದು ಕಲ್ಲುರಸ್ತೆಯಲ್ಲಿ ಟಂಟಂ ಆಟೋ ಹೋದಂತೆ, ಹೇಗೆಂದರೆ ಹಾಗೆ. ಇದು ತಾಳ ಹಾಕಿದಂತಿತ್ತು. ಮುರಿದ ಎಲುಬಿಗೆ ತಾಳಜ್ಞಾನ ಎಲ್ಲಿಂದ ಬಂತು? ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ, ಕಟ್ಟಿದ ಕೈಯಿಂದಲೇ ರೊಟ್ಟಿ ಬಡಿಯುತ್ತಿದ್ದಾಳೆ ಎಂದುಕೊಂಡಳು. ಆದರೆ ಗೆಣ್ಣಿನವರೆಗೆ ಕಟ್ಟಿದ ಕೈಗೆ ಅಂಗೈ ಬಿಡಿಸಲಿಕ್ಕೇ ಬರುವುದಿಲ್ಲವಲ್ಲ, ರೊಟ್ಟಿ ಹೇಗೆ ಬಡಿದಾಳು? ಮನೆಗೆ ಹೋಗುವವರೆಗೂ ಇದೇ ಯೋಚನೆ. ಬಸ್ ಸ್ಟಾಪ್ ಒಂದು ದಾಟಿ ಇಳಿದಳು.

ಮರುದಿನ ನಸುಕಿನಲ್ಲೇ ಎದ್ದು ರೊಟ್ಟಿ ಕೇಂದ್ರಕ್ಕೆ ಹೋದಳು. ಕೋಡರ್ ರೋಗಿಯ ಬೆನ್ನು ಹತ್ತಿ ಹೋಗಬಾರದೆಂಬ ನಿಯಮ ಇದ್ದೀತು, ಇಲ್ಲದೆಯೂ ಇದ್ದೀತು. ಯಾರೂ ಹೋದವರಿಲ್ಲದ್ದರಿಂದ ಅವಳಿಗೆ ಗೊತ್ತಿರಲಿಲ್ಲ.

ಗಲ್ಲಿಯ ತುದಿಯ ಉದ್ದನೆಯ ತಗಡಿನ ಕೋಣೆ. ಹನ್ನೆರಡು ಒಲೆ, ಹನ್ನೆರಡು ಹಲಗೆ. ಬಾಗಿಲ ಹೊರಗಿನಿಂದಲೇ ಸದ್ದು ಕೇಳಿಸಿತು. ಕಿವಿಯಲ್ಲಿ ನಿನ್ನೆಯಿಂದ ಗುಂಯ್‌ಗುಡುತ್ತಿದ್ದ ಅದೇ ತಾಳ. ನಿಲ್ಲುವ ಆ ಕ್ಷಣ ಯಾವುದೆಂದು ಈಗ ತಿಳಿಯಿತು: ರೊಟ್ಟಿ ಎತ್ತಿ ಹೆಂಚಿಗೆ ಹಾಕುವ ಹೊತ್ತು. ಒಳಗೆ ಇಣುಕಿದಳು.

ಮೂಲೆಯ ಹಲಗೆಯ ಮುಂದೆ ತುಂಗವ್ವ ಕೂತಿದ್ದಳು. ಕಟ್ಟಿದ ಬಲಗೈಯನ್ನು ಮೊಳಕೈಯಿಂದ ಗೆಣ್ಣಿನವರೆಗೆ ಹಲಗೆಯ ಅಂಚಿಗೆ ಊರಿ, ಹಲಗೆ ಜಾರದಂತೆ ಒತ್ತಿ ಹಿಡಿದಿದ್ದಳು. ಆ ಕೈ ಕಲ್ಲಿನ ಹಾಗೆ ಅಲುಗದೆ ಇತ್ತು. ರೊಟ್ಟಿ ಬಡಿಯುತ್ತಿದ್ದದ್ದು ಎಡಗೈ. ಹಿಟ್ಟಿನ ಮುದ್ದೆ ಆ ಕೈಯ ಕೆಳಗೆ ಸುತ್ತುತ್ತ ಸುತ್ತುತ್ತ ಅಗಲವಾಗಿ, ಇನ್ನೇನು ಹರಿದೀತು ಅನ್ನುವಷ್ಟು ತೆಳುವಾಯಿತು. ಹೊಡೆತ ಹೊಡೆತಕ್ಕೂ ಹಲಗೆ ಅದುರುತ್ತಿತ್ತು, ಅದುರು ಮುರಿದ ಕೈಗೆ ಏರುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಐದು.

"ಅಯ್ಯಯ್ಯೋ, ಎಷ್ಟ್ ಛಂದ ಬಡೀತೀರಿ!" ಎಂದಳು ಸುಮಂಗಲಾ, ತಡೆಯಲಾರದೆ.

ಹನ್ನೆರಡೂ ಹಲಗೆ ಒಮ್ಮೆಲೆ ನಿಂತವು. ತುಂಗವ್ವ ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಕದ್ದು ಸಿಕ್ಕಿಬಿದ್ದವರ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ. ಬಾಗಿಲ ಬಳಿ ರೊಟ್ಟಿ ಎಣಿಸಿ ಕಾಗದದಲ್ಲಿ ಸುತ್ತುತ್ತಿದ್ದ ಒಬ್ಬ ಹೆಂಗಸು ಎದ್ದು ಬಂದು ಸುಮಂಗಲಾಳ ದಾರಿಗೆ ಅಡ್ಡ ನಿಂತಳು. ಅವಳ ಹೆಸರು ಹುಸೇನಬಿ. ಬಲ ಮುಂಗೈಯ ಮೇಲೆ ಗೇಣುದ್ದ ಹೊಲಿಗೆಯ ಗಾಯದ ಗುರುತು.

"ಬಾಯಾರ, ಇದನ್ನ ಎಲ್ಲ್ಯೂ ಹೇಳಬ್ಯಾಡ್ರಿ," ಎಂದಳು ಹುಸೇನಬಿ ಸಣ್ಣ ದನಿಯಲ್ಲಿ. "ಎಡಗೈಲೆ ಬಡದ ರೊಟ್ಟಿ ಅಂತ ಗೊತ್ತಾದ್ರ ಮಂದಿ ಮೂಗು ಮುರೀತಾರ. ಖಾನಾವಳಿಯವ್ರು, ನಿಮ್ಮ ದವಾಖಾನಿಯವ್ರು, ಎಲ್ಲಾರೂ ಇಲ್ಲಿಂದನ ಒಯ್ತಾರ. ನಮ್ಮ ಹನ್ನೆರಡೂ ಮನಿ ಬಾಗಲಾ ಮುಚ್ಚಬೇಕಾಗ್ತದ."

ಆಗ ಸುಮಂಗಲಾಗೆ ಅರ್ಥವಾಯಿತು. ತುಂಗವ್ವ ಕೈ ಅಲುಗಿಸಿಲ್ಲವೆಂದು ಹೇಳಿದ್ದು ಅಪ್ಪಟ ನಿಜ. ಮುಚ್ಚಿಟ್ಟದ್ದು ಇನ್ನೊಂದು ಕೈಯ ಸುದ್ದಿ. ಆ ಕೈಯ ಹೊಡೆತದ ಅದುರನ್ನೇ ಕಟ್ಟು ಎಲುಬಿನ ಗಡಗಡವೆಂದು ಕೇಳಿಸಿಕೊಂಡಿತ್ತು. ಊಟಕ್ಕೆ, ಬಡಿಸಲಿಕ್ಕೆ, ಕೊಡಲಿಕ್ಕೆ ಎಡಗೈ ಚಾಚಿದರೆ ಚಿಕ್ಕಂದಿನಲ್ಲಿ ತನಗೂ ಏಟು ಬಿದ್ದಿದೆ. ಕಿವಿಕಟ್ಟು ಮಾಡಿದವರಿಗೆ ಇದೆಲ್ಲ ಹೇಗೆ ತಿಳಿದೀತು?

ಹುಸೇನಬಿಯ ಗಾಯದ ಕಡೆ ನೋಡಿ, "ಇದ್ಯಾವಾಗ ಆತ್ರಿ?" ಎಂದು ಕೇಳಿದಳು.

"ಹೋದ ವರ್ಷ. ಪಟ್ಟಿ ಹಾಕ್ಯಾರ. ಈಗ ಬಡಿಯಾಕ ಬರೂದಿಲ್ಲ, ಎಣಸ್ತೀನಿ," ಎಂದು ಹೇಳಿ ಹುಸೇನಬಿ ತನ್ನ ಜಾಗಕ್ಕೆ ಹೋಗಿ ಕೂತಳು.

ಆ ಸಂಜೆ ಸುಮಂಗಲಾ ಮನೆಗೆ ಬಂದಾಗ ಅವಳ ಕೈಯಲ್ಲೂ ಒಂದು ಕಿವಿಕಟ್ಟು ಇತ್ತು. ಅತ್ತೆ ಕಾಶವ್ವ ಬಾಗಿಲಲ್ಲೇ ಎದೆ ಬಡಿದುಕೊಂಡಳು.

"ಯವ್ವಾ! ಎಲ್ಲಿ ಬಿದ್ದೆಬೇ?"

"ಬಿದ್ದಿಲ್ಲ ಅತ್ತೀ. ತರಬೇತಿಗೆ ಇಟ್ಟ ಕಟ್ಟು. ಸುಮ್ನ ಹಾಕ್ಕೊಂಡೀನಿ. ರೊಟ್ಟಿ ಮಾಡ್ರಿ, ನಾ ಹಲಗಿಗೆ ಕೈ ಹಚ್ಚಿ ಕುಂದರ್ತೀನಿ."

"ನಿಂಗೇನ್ ಹುಚ್ಚ ಹಿಡದೈತೇನು? ಕೆಲಸದ ಹೊತ್ತಿನಾಗ ಹಲಗಿಗೆ ಆತುಕೊಂಡು ಕುಂದ್ರಾಕಿ!"

ಬೈಯುತ್ತಲೇ ಕಾಶವ್ವ ಹಿಟ್ಟು ನಾದಿದಳು. ಸುಮಂಗಲಾ ಎದುರಿಗೆ ಕೂತು, ತುಂಗವ್ವ ಇಟ್ಟಂತೆಯೇ ಕೈಯನ್ನು ಹಲಗೆಯ ಅಂಚಿಗೆ ಊರಿದಳು. ಕಟ್ಟಿಗೆ ಈಗಲೇ ಕೇಳು ಎಂದು ಆಜ್ಞೆ ಕೊಟ್ಟಳು. ಕಾಶವ್ವನ ಹೊಡೆತ ಬಿದ್ದಂತೆಲ್ಲ ಎಲುಬಿನೊಳಗೆ ಸಣ್ಣಗೆ ಜುಮ್ ಅನ್ನುವುದು ಅವಳಿಗೂ ಗೊತ್ತಾಯಿತು. ಹಾಯೆನಿಸುವಂಥದೇ, ನೋವಲ್ಲ. ಮೂರನೆಯ ರೊಟ್ಟಿ ಹೆಂಚಿಗೆ ಬೀಳುವ ಹೊತ್ತಿಗೆ ಫೋನು ಕಿಣಿ ಎಂದಿತು.

ಏಳು ಅಕ್ಷರ. ಕೊನೆಯದು 'ಕೆ'. ಎಲುಬು ಕೂಡಿಲ್ಲ, ಶಸ್ತ್ರಚಿಕಿತ್ಸೆಗೆ ಸೂಚಿಸಲಾಗಿದೆ.

ಹುಟ್ಟಿದಾಗಿನಿಂದ ಒಮ್ಮೆಯೂ ಮುರಿಯದ ಕೈ ಅದು! ಸುಮಂಗಲಾ ನಕ್ಕಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆಗೆ ನಿಜವಾಗಿಯೂ ಏನೋ ಆಗಿದೆಯೆಂದು ಕಾಶವ್ವ ಹಿಟ್ಟಿನ ಕೈಯಲ್ಲೇ ಅವಳ ಹಣೆ ಮುಟ್ಟಿ ನೋಡಿದಳು. ನಗು ನಿಂತ ಮೇಲೆ ಸುಮಂಗಲಾ ಕಟ್ಟು ಬಿಚ್ಚಿಟ್ಟಳು; ತರಬೇತಿಯದಾದ್ದರಿಂದ ಅದು ಬೀಗ ಹಾಕಿಕೊಂಡಿರಲಿಲ್ಲ. ತುಂಗವ್ವನಂಥವರು ಇನ್ನೆಷ್ಟು ಜನ ಇದ್ದಾರೋ? ಹುಸೇನಬಿಯ ಮುಂಗೈ ಕಣ್ಣ ಮುಂದೆ ಬಂತು.

ಬುಧವಾರ ಬೆಳಿಗ್ಗೆ ಎಂಟಕ್ಕೇ ಕೇಂದ್ರದಲ್ಲಿದ್ದಳು. ಐದು ಗಂಟೆಗೆ ತಾಳದ ಸದ್ದು ಇರುವಂಥ, ಕೊನೆಗೆ 'ಕೆ' ಬಿದ್ದಂಥ ದಾಖಲೆಗಳನ್ನು ಹುಡುಕಿಸಿದಳು. ಎರಡು ವರ್ಷದಲ್ಲಿ ಹನ್ನೊಂದು. ಹನ್ನೊಂದೂ ಹೆಂಗಸರವು. ಆಮೇಲೆ ಅವರ ಆಪರೇಷನ್ ಟಿಪ್ಪಣಿ ತೆಗೆದಳು. ಆಪರೇಷನ್ನಿನ ಟಿಪ್ಪಣಿ ಇನ್ನೊಂದು ವಿಭಾಗದ ಕೋಡರ್‌ಗಳಿಗೆ ಹೋಗುತ್ತದೆ. ಅವರು ಯಾವ ಪಟ್ಟಿ, ಎಷ್ಟು ಸ್ಕ್ರೂ ಎಂಬುದನ್ನು ಮಾತ್ರ ನೋಡಿ ಕೋಡ್ ಹಾಕುತ್ತಾರೆ. ಉಳಿದ ಸಾಲು ಓದುವುದು ಅವರ ಕೆಲಸವಲ್ಲ. ಮುರಿತದ ವಿಭಾಗದವರಿಗೆ ಅದು ಬರುವುದೇ ಇಲ್ಲ. ಹೀಗಾಗಿ ಆ ಸಾಲನ್ನು ಎರಡು ವರ್ಷದಲ್ಲಿ ಯಾರೂ ಓದಿರಲಿಲ್ಲ. ಹನ್ನೊಂದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ತೆರೆದಾಗ ಎಲುಬು ಕೂಡಿರುವುದು ಕಂಡುಬಂತು. ಕೋಡಿನ ಪ್ರಕಾರ ಪಟ್ಟಿ ಕೂರಿಸಲಾಯಿತು."

ಹನ್ನೊಂದರಲ್ಲಿ ನಾಲ್ಕಕ್ಕೆ ಹೌದು ಎಂದವಳು ಅವಳೇ. ಸುಮಂಗಲಾ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಈಗ 'ಕೆ' ಬದಲಿಸಬೇಕಾದರೆ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಬರೆದ ಮಾತು ಬೇಕು. ಕೋಡರ್ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಆದರೆ ಉತ್ತರವನ್ನು ಬಾಯಿಗೆ ತುರುಕುವಂಥ ಪ್ರಶ್ನೆ ಕೇಳುವ ಹಾಗಿಲ್ಲ. ಎಲುಬು ಕೂಡಿದೆಯಲ್ಲವೇ ಎಂದು ಬರೆದರೆ ಅವಳ ಕೆಲಸವೇ ಹೋದೀತು. ಮೂರು ಸಲ ಅಳಿಸಿ ನಾಲ್ಕನೆಯ ಸಲ ಬರೆದಳು: "ಈ ರೋಗಿಯ ಎಲುಬಿನ ಸ್ಥಿತಿ ಏನೆಂದು ತಾವು ಖುದ್ದಾಗಿ ಪರೀಕ್ಷಿಸಿ ತಿಳಿಸಬೇಕು." ಅರ್ಧ ನಿಮಿಷದಲ್ಲಿ ಉತ್ತರ ಬಂತು. 'ಕೆ' ಸರಿಯಾಗಿದೆ. ಡಾಕ್ಟರೂ ಅವಳ ಹಾಗೆಯೇ, ಯಂತ್ರ ಬರೆದಿಟ್ಟ ಉತ್ತರದ ಮೇಲೆ ಬೆರಳು ಒತ್ತಿದ್ದರು.

ಇನ್ನು ಕಾಗದದಿಂದ ಕೆಲಸವಾಗದೆಂದು ಅವಳು ರಸ್ತೆ ದಾಟಿ ಆಸ್ಪತ್ರೆಗೇ ನಡೆದಳು. ಆ ಉತ್ತರ ಒತ್ತಿದ್ದ ಡಾಕ್ಟರ್ ಇಮ್ತಿಯಾಜ್ ಮನಿಯಾರ್ ಎಲುಬಿನ ವಿಭಾಗದ ಹಿರಿಯರು, ನಿವೃತ್ತಿಗೆ ಐದು ತಿಂಗಳು ಉಳಿದಿತ್ತು. ಊಟಕ್ಕೆ ಕೂತಿದ್ದರು. ಸುಮಂಗಲಾ ತನ್ನ ಫೋನಿನ 'ಕೆ' ತೋರಿಸಿದಳು, ಆಮೇಲೆ ತನ್ನ ಗಟ್ಟಿಮುಟ್ಟಾದ ಕೈ ತೋರಿಸಿದಳು.

ಮನಿಯಾರರು ಬಾಯಲ್ಲಿದ್ದ ತುತ್ತು ನುಂಗಿದರು. "ಈ ಕೈ ಎಂದ ಮುರದಿತ್ತು?"

"ಎಂದೂ ಮುರದಿಲ್ರಿ ಸರ್. ನೀವು ಆ ತುಂಗವ್ವನ ಕೈ ಒಮ್ಮೆ ನೋಡ್ರಿ. ಏನೈತಿ ಅಂತ ನಾ ಹೇಳಂಗಿಲ್ಲ."

"ಹೆಂಗ ನೋಡ್ಲಿ? ಕಟ್ಟು ಬೀಗ ಹಾಕ್ಕೊಂಡೈತಿ. ನಾಳೆ ಥಿಯೇಟರಿಗೆ ಹೋಗೂತನಕ ಬಿಚ್ಚೂದಿಲ್ಲ," ಎಂದು ಅವರು ತಟ್ಟೆ ಆಚೆ ಸರಿಸಿದರು. "ತಡೀರಿ. ನಮ್ಮ ಮೇಷ್ಟ್ರು ಒಬ್ರು ಇದ್ರು. ಎಕ್ಸ್‌ರೇ ಕೆಟ್ಟಾಗ ಏನ್ ಮಾಡ್ತಿದ್ರು ಗೊತ್ತೇನು? ಕರೀರಿ ಆಕೀನ್ನ."

ಮಧ್ಯಾಹ್ನ ಮೂರಕ್ಕೆ ತುಂಗವ್ವ ಬಂದಳು. ಮನಿಯಾರರು ಕುತ್ತಿಗೆಗೆ ಹಾರದ ಹಾಗೆ ಸುಮ್ಮನೆ ಹಾಕಿಕೊಳ್ಳುತ್ತಿದ್ದ ಸ್ಟೆಥಾಸ್ಕೋಪನ್ನು ಕಿವಿಗಿಟ್ಟು, ಅದರ ಬಿಲ್ಲೆಯನ್ನು ಕಟ್ಟಿನಿಂದ ಹೊರಗಿದ್ದ ಹೆಬ್ಬೆರಳ ಬುಡಕ್ಕೆ ಒತ್ತಿದರು. ಇನ್ನೊಂದು ಕೈಯ ಬೆರಳಿನಿಂದ ಅವಳ ಮೊಳಕೈಯ ಹೊರಬದಿಯ ಎಲುಬನ್ನು ಟಕ್ ಟಕ್ ಎಂದು ಬಡಿದರು. ಆಮೇಲೆ ಎಡಗೈಯಲ್ಲೂ ಹಾಗೆಯೇ. ಮತ್ತೆ ಬಲಗೈ. ಮತ್ತೆ ಎಡಗೈ.

"ಕೇಳ್ರಿ," ಎಂದು ಅವರು ಸ್ಟೆಥಾಸ್ಕೋಪನ್ನು ಸುಮಂಗಲಾಳ ಕಿವಿಗಿಟ್ಟರು.

ಎರಡು ಕೈಯಲ್ಲೂ ಒಂದೇ ಸದ್ದು, ಖಣ್ ಅನ್ನುವಂಥ ಸ್ಪಷ್ಟ ಸದ್ದು. ಮುರಿದಿದ್ದರೆ ಅದು ನಡುವೆಯೇ ಮಂಕಾಗಿ, ಈಚೆ ತುದಿಗೆ ಬರುತ್ತಲೇ ಇರಲಿಲ್ಲ ಎಂದರು ಮನಿಯಾರ್. ಕೂಡಿದೆ, ಅದೂ ನಾಲ್ಕೇ ವಾರಕ್ಕೆ. ಈ ವಯಸ್ಸಿಗೆ ಏಳೆಂಟು ವಾರ ಹಿಡಿಯಬೇಕಾದದ್ದು. ಅವರ ಮುಖ ಹೊಸ ಆಟಿಕೆ ಸಿಕ್ಕ ಹುಡುಗನ ಮುಖದಂತಾಗಿತ್ತು.

"ಏನ್ ಮಾಡಿದಿ ತಂಗಿ ಈ ಕೈಗೆ? ಎಲುಬು ಸಣ್ಣ ಸಣ್ಣ ಅದುರಿಗೆ ಲಗೂನ ಬೆಳೀತೈತಿ ಅಂತ ನಾವು ಓದೀವಿ. ಭಾಳ ಅಲುಗಿದ್ರ ಕೆಡ್ತದ, ಏನೂ ಅಲುಗದಿದ್ರ ಮೈಗಳ್ಳ ಆಗ್ತದ. ಆದ್ರ ಅಷ್ಟಕ್ಕಷ್ಟ ಅದುರು, ದಿನಾ ಅದ ಹೊತ್ತಿಗೆ, ಯಾರ್ ಕೊಟ್ರು ನಿಂಗ?"

ತುಂಗವ್ವ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮನಿಯಾರರು 'ಎಲುಬು ಕೂಡಿದೆ' ಎಂದು ಬರೆದು ಸಹಿ ಹಾಕಿದರು. ಸುಮಂಗಲಾ ಅಲ್ಲೇ ಅದನ್ನು ದಾಖಲೆಗೆ ಏರಿಸಿದಳು. ಯಂತ್ರ ಒಪ್ಪಲಿಲ್ಲ. ಒಬ್ಬರ ಕಿವಿಯ ಮಾತಿಗೆ ಎದುರಾಗಿ ಇಪ್ಪತ್ತೆಂಟು ಬೆಳಗಿನ ಸದ್ದು ಇದೆ, ಆ ಸದ್ದು ಯಾವುದರದೆಂದು ರೋಗಿ ಸ್ವತಃ ಹೇಳಿ ಸಹಿ ಮಾಡಬೇಕು, ಇಲ್ಲವಾದರೆ ನಾಳೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ ಎಂದಿತು.

"ಹೇಳ್ರಿ ತುಂಗವ್ವ," ಎಂದಳು ಸುಮಂಗಲಾ. "ನಾ ಕಣ್ಣಿಲೆ ನೋಡೀನಿ. ಆದ್ರ ನಾ ಬರಿಯಾಕ ಬರೂದಿಲ್ಲ. ನಿಮ್ಮ ಬಾಯಿಂದ ಬರಬೇಕು."

"ಕೊಯ್ಯೂದಿದ್ರ ಕೊಯ್ರಿ," ಎಂದಳು ತುಂಗವ್ವ. "ಆ ಮಾತು ಬರೀಬ್ಯಾಡ್ರಿ. ಈ ದವಾಖಾನಿ ಕ್ಯಾಂಟೀನಿಗೇ ನಮ್ಮ ರೊಟ್ಟಿ ಬರ್ತಾವ. ನನ್ನ ಒಂದು ಕೈ ಸಲುವಾಗಿ ಹನ್ನೆರಡು ಮಂದಿ ಅನ್ನಕ್ಕ ಮಣ್ಣು ಹಾಕ್ಲೇನು?"

ಸುಮಂಗಲಾಗೆ ಅಳು ಬಂದಂತಾಯಿತು. ಬೇರೆ ರೋಗಿಗಳ ಹೆಸರು ಹೇಳುವ ಹಾಗಿಲ್ಲ, ಒತ್ತಾಯ ಮಾಡುವ ಹಾಗಿಲ್ಲ. ಆದರೂ ತಿಳಿದದ್ದನ್ನು ನುಂಗಿಕೊಂಡು ಕೂರುವುದೂ ಅವಳಿಂದಾಗಲಿಲ್ಲ.

"ತುಂಗವ್ವ, ನಿಮ್ಮ ಹಂಗ ಸುಮ್ಮನ ಕುಂತಾವ್ರು ಹನ್ನೊಂದು ಮಂದಿ ಅದಾರ. ಹನ್ನೊಂದೂ ಕೈ ಕೊಯ್ದಾರ. ಕೊಯ್ದು ನೋಡಿದ್ರ ಒಳಗ ಎಲುಬು ಕೂಡಿತ್ತು. ಆದ್ರೂ ಪಟ್ಟಿ ಹಾಕ್ಯಾರ."

ತುಂಗವ್ವ ತಲೆಯೆತ್ತಿದಳು. "ನಮ್ಮ ಹುಸೇನಬೀದೂ?"

"ಹೆಸರು ನಾ ಹೇಳಂಗಿಲ್ರಿ," ಎಂದಳು ಸುಮಂಗಲಾ. ಹೇಳುವ ಅಗತ್ಯವೂ ಇರಲಿಲ್ಲ.

"ಆಕೀ ಹಲಗಿ ಮುಂದ ನಾ ಕುಂದರ್ತೀನ್ರಿ ಈಗ," ಎಂದಳು ತುಂಗವ್ವ. ಕಣ್ಣೀರು ಬಳಬಳ ಇಳಿಯಿತು, ಒರೆಸಿಕೊಳ್ಳಲಿಲ್ಲ. "ಆಕೀನೂ ಎಡಗೈಲೆ ಬಡದಿದ್ಲು. ನಂಗ ಕಲಿಸಿದಾಕೀನ ಆಕಿ. ಬರೀರಿ! ದೊಡ್ಡ ಅಕ್ಷರದಾಗ ಬರೀರಿ. ಐದು ಗಂಟಿಗೆ ತುಂಗವ್ವ ಎಡಗೈಲೆ ರೊಟ್ಟಿ ಬಡೀತಿದ್ಲು, ಬಲಗೈ ಹಲಗಿ ಮ್ಯಾಲ ಸುಮ್ನ ಇತ್ತು ಅಂತ ಬರೀರಿ. ಅದೇನ್ ಆಗ್ತದ ಆಗ್ಲಿ."

ಡಾಕ್ಟರ್ ಮನಿಯಾರ್ ಕನ್ನಡಕ ತೆಗೆದು ಒರೆಸಿದರು. "ಅಲ್ಲ ತಂಗಿ, ಈ ತಿಂಗಳಿಡೀ ನಾ ತಿಂದದ್ದು ನಿನ್ನ ಎಡಗೈ ರೊಟ್ಟೀನ?"

"ಹೂಂನ್ರಿ ಸಾಹೇಬ್ರ. ತಪ್ಪಾತ್ರಿ."

"ಇಷ್ಟ ತೆಳು ರೊಟ್ಟಿ ಇದ್ದಿದ್ದಿಲ್ಲ ಮೊದಲ, ಅಂತ ಮೊನ್ನೆ ಕ್ಯಾಂಟೀನಿನವಂಗ ಹೇಳಿ ಬಂದೀನಲ್ಲ!" ಎಂದರು. "ನಾಳೀಗೂ ಎರಡು ನನಗ ತಗದಿಡು. ಯಾರ ಕೇಳಿದ್ರೂ ಡಾಕ್ಟ್ರು ಅದನ್ನ ತಿಂತಾನ ಅಂತ ಹೇಳು."

ತುಂಗವ್ವ ಎಡಗೈಯಿಂದಲೇ ಸಹಿ ಮಾಡಿದಳು. ಕೊನೆಯ ಅಕ್ಷರ 'ಕೆ' ಹೋಗಿ 'ಡಿ' ಆಯಿತು. ಕಟ್ಟು ಟಿಕ್ ಎಂದು ಬಾಯಿ ಬಿಟ್ಟಿತು. ಬಿಳಿಚಿಕೊಂಡಿದ್ದ ಕೈಯನ್ನು ತುಂಗವ್ವ ಆಚೆ ಈಚೆ ತಿರುಗಿಸಿ ನೋಡಿದಳು, ಅಂಗೈ ಮುಚ್ಚಿ ತೆರೆದಳು, ತುರಿಸಿಕೊಂಡಳು. ನಾಲ್ಕು ವಾರದ ತುರಿಕೆ, ಪಾಪ. ತುರಿಸಿ ಮುಗಿಯುವವರೆಗೆ ಇಬ್ಬರೂ ಕಾದರು.

ಗುರುವಾರ ಒಂಬತ್ತಕ್ಕೆ ಥಿಯೇಟರಿನ ಆ ಮೇಜು ಖಾಲಿ ಉಳಿಯಿತು. ಅದೇ ದಿನ ಸುಮಂಗಲಾ ಹನ್ನೊಂದು ದಾಖಲೆ, ಹನ್ನೊಂದು ಟಿಪ್ಪಣಿ, ತನ್ನ ಮುರಿಯದ ಕೈಯ 'ಕೆ', ಎಲ್ಲವನ್ನೂ ಸೇರಿಸಿ ಮೇಲಿನವರಿಗೆ ಬರೆದಳು. ಐದು ಗಂಟೆಗೆ ಎದ್ದು ಕೆಲಸ ಮಾಡುವವರೂ ಲೋಕದಲ್ಲಿದ್ದಾರೆ, ಕಟ್ಟು ಕೇಳುವ ಹೊತ್ತನ್ನು ಅವರವರ ಹೊತ್ತಿಗೆ ಹೊಂದಿಸಬೇಕು ಎಂದು ಬರೆದಳು. ಹನ್ನೊಂದರಲ್ಲಿ ನಾಲ್ಕು ತಪ್ಪು ತನ್ನವೆಂದೂ ಬರೆದಳು. ತಪ್ಪು ಒಪ್ಪಿಕೊಂಡ ಕೋಡರ್‌ಗೆ ಏನಾಗುತ್ತದೆಂಬುದಕ್ಕೆ ಹಿಂದಿನ ಉದಾಹರಣೆ ಇರಲಿಲ್ಲ. ಮನಿಯಾರರು ಅದುರಿನ ವಿಷಯವಾಗಿ ಬೇರೆ ಒಂದು ದೊಡ್ಡ ಪತ್ರ ಬರೆಯಲು ಕೂತಿದ್ದರು. ನಿವೃತ್ತಿಯ ಮಾತು ಎತ್ತಿದರೆ ಸಿಡುಕುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಅವಳು ಮತ್ತೆ ರೊಟ್ಟಿ ಕೇಂದ್ರಕ್ಕೆ ಹೋದಳು. ತಾನು ಹೌದು ಎಂದ ನಾಲ್ಕು ನಂಬರಿನಲ್ಲಿ ಹೋದ ವರ್ಷದ, ಬಲ ಮುಂಗೈಯ, ರೊಟ್ಟಿ ಬಡಿಯುವವಳದು ಒಂದೇ ಇತ್ತು; ಅದರ ಹೆಸರು ಅವಳಿಗೀಗ ಗೊತ್ತಿತ್ತು. ಹುಸೇನಬಿ ಬಾಗಿಲ ಬಳಿ ಕೂತು ರೊಟ್ಟಿ ಎಣಿಸುತ್ತಿದ್ದಳು. ಸುಮಂಗಲಾ ಅವಳ ಎದುರಿಗೆ ಹಿಟ್ಟು ಚೆಲ್ಲಿದ ನೆಲದ ಮೇಲೆ ಕೂತಳು.

"ನಿಮ್ಮ ಎಲುಬು ಕೂಡಿತ್ರಿ," ಎಂದಳು. "ಪಟ್ಟಿ ಬೇಕಾಗಿದ್ದಿಲ್ಲ. ಯಂತ್ರ ತಪ್ಪು ಕೇಳಿತ್ತು, ನಾ ಹೌದು ಅಂದೆ. ಸಹಿ ನಂದ್ರಿ."

ಹುಸೇನಬಿ ಎಣಿಕೆ ನಿಲ್ಲಿಸಿದಳು. ಕೋಪಗೊಳ್ಳುತ್ತಾಳೆಂದು ಸುಮಂಗಲಾ ಎಣಿಸಿದ್ದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಂಗ ಗೊತ್ತಿತ್ತಲ್ರಿ," ಎಂದಳು ಹುಸೇನಬಿ. "ನೋವು ಹೋಗೈತಿ, ಒಳಗ ಗಟ್ಟಿ ಆಗೈತಿ ಅಂತ ಥಿಯೇಟರಿನ ಬಾಗಲದಾಗ ಮಲಗಿಸಿದಾಗೂ ಹೇಳಿದ್ನಿ. ಎಡಗೈ ಮಾತು ಹೇಳ್ಲಿಲ್ಲ ಖರೇ. ಆದ್ರ ಇದನ್ನ ಮೂರು ಸಲ ಹೇಳಿದ್ನಿ. ನೀವು ಬರಕೊಂಡಿಲ್ಲೇನು?"

ಸುಮಂಗಲಾ ಆ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಳು. ಏಳು ಅಕ್ಷರ ಇದ್ದವು, ಸ್ಕ್ರೂಗಳ ಅಳತೆ ಇತ್ತು, ಸೂಚನೆ ಪಾಲಿಸದ ರೋಗಿ ಎಂಬ ಸಾಲು ಇತ್ತು. ಹುಸೇನಬಿ ಹೇಳಿದ ಒಂದು ಮಾತೂ ಅದರಲ್ಲಿ ಎಲ್ಲಿಯೂ ಇರಲಿಲ್ಲ.

"ಇಲ್ರಿ," ಎಂದಳು. ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು, ಪೆನ್ನಿನ ಮುಚ್ಚಳ ತೆಗೆದಳು. "ಈಗ ಹೇಳ್ರಿ, ಬರಕೋತೀನಿ."

ಹುಸೇನಬಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಗಾಯದ ಕೈಯನ್ನು ಮುಂದೆ ಚಾಚಿ, ಬಿದ್ದ ದಿನದಿಂದ ಶುರುಮಾಡಿದಳು.